ಜಡ್ಜ್ ಲ್ಯಾಂಡಿಸ್: 2,92,40,000 ಡಾಲರ್ ದಂಡದ ಲೆಕ್ಕ ಹೇಗೆ ಬಂತು, ಅದು ಬಿದ್ದದ್ದು ಯಾಕೆ?

ಕಟಕಟೆ:
ಕೆನೆಸಾ ಮೌಂಟನ್ ಲ್ಯಾಂಡಿಸ್ ಬಗ್ಗೆ ಎಲ್ಲಿ ಓದಿದರೂ ಎರಡೇ ಸಂಗತಿ. 1907ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಅನ್ನೋ ಎಣ್ಣೆ ಕಂಪನಿಗೆ 2,92,40,000 ಡಾಲರ್ ದಂಡ ಹಾಕಿದ್ದು, 1921ರಲ್ಲಿ ಎಂಟು ಬೇಸ್‌ಬಾಲ್ ಆಟಗಾರರನ್ನು ಶಾಶ್ವತವಾಗಿ ಹೊರಗಿಟ್ಟಿದ್ದು. ಆದರೆ 1905ರಿಂದ 1922ರವರೆಗೆ, 17 ವರ್ಷ, ಷಿಕಾಗೊದ ಫೆಡರಲ್ ಪೀಠದಲ್ಲಿ ಕೂತಿದ್ದ ಈ ಮನುಷ್ಯ ಜಡ್ಜ್ ಆಗಿ ಹೇಗಿದ್ದರು ಅನ್ನೋದನ್ನು ಬಿಡಿಸಿ ಹೇಳುವವರು ಕಡಿಮೆ.

ನನ್ನ ಪ್ರಶ್ನೆ ಮೂರು. ಆ ದಂಡದ ಮೊತ್ತ ಎಲ್ಲಿಂದ ಬಂತು? ಮೇಲಿನ ಕೋರ್ಟು ಅದನ್ನು ಯಾಕೆ ಕಿತ್ತುಹಾಕಿತು? ತೀರ್ಪುಗಳು ಮೇಲೆ ಹೋಗಿ ಬೀಳುತ್ತಿದ್ದರೂ ಇವರಿಗೆ ಅಷ್ಟು ಹೆಸರು ಬಂದದ್ದು ಹೇಗೆ? ಗೊತ್ತಿದ್ದವರು ವಿವರವಾಗಿ ಬರೀರಿ.

ಹಳೇಕಡತ:
ಮೊದಲ ಪ್ರಶ್ನೆ ಸುಲಭ, ಅದು ಬರೀ ಗುಣಾಕಾರ. 1,462 × 20,000 = 2,92,40,000.

1,462 ಅಂದರೆ ಎಣ್ಣೆ ಸಾಗಿಸಿದ ರೈಲು ವ್ಯಾಗನ್‌ಗಳ ಲೆಕ್ಕ. 20,000 ಡಾಲರ್ ಅನ್ನೋದು, ರೈಲ್ವೆ ಸಾಗಣೆಯಲ್ಲಿ ಗುಟ್ಟಿನ ರಿಯಾಯಿತಿ ತಡೆಯುವ 1903ರ ಎಲ್ಕಿನ್ಸ್ ಕಾಯ್ದೆಯಲ್ಲಿ ಒಂದು ಅಪರಾಧಕ್ಕಿದ್ದ ಗರಿಷ್ಠ ದಂಡ. ಕನಿಷ್ಠ 1,000. ಲ್ಯಾಂಡಿಸ್ ಒಂದೊಂದು ವ್ಯಾಗನ್ನನ್ನೂ ಒಂದೊಂದು ಅಪರಾಧ ಅಂತ ಹಿಡಿದು ಎಲ್ಲಕ್ಕೂ ಗರಿಷ್ಠ ದಂಡ ಹಾಕಿದರು. ದೋಷಾರೋಪ ಪಟ್ಟಿಯಲ್ಲಿ ಇದ್ದದ್ದು 1,903 ಆರೋಪ, ಜ್ಯೂರಿ ತಪ್ಪಿತಸ್ಥ ಅಂದದ್ದು 1,462ಕ್ಕೆ.

ಆರೋಪ ಏನಂದರೆ, ಇಂಡಿಯಾನಾದ ವೈಟಿಂಗ್ ಎಣ್ಣೆ ಕಾರ್ಖಾನೆಯಿಂದ ಇಲಿನಾಯ್‌ನ ಈಸ್ಟ್ ಸೇಂಟ್ ಲೂಯಿಸ್‌ಗೆ ಷಿಕಾಗೊ ಅಂಡ್ ಆಲ್ಟನ್ ರೈಲ್ವೆ ಪ್ರಕಟಿಸಿದ್ದ ದರ 100 ಪೌಂಡಿಗೆ 18 ಸೆಂಟ್. ಸ್ಟ್ಯಾಂಡರ್ಡ್ ಆಯಿಲ್ ಕೊಟ್ಟದ್ದು 6 ಸೆಂಟ್.

ಚಿಲ್ಲರೆ:
ಹಾಗಾದರೆ ಒಂದು ವ್ಯಾಗನ್‌ನಲ್ಲಿ ಕಂಪನಿಗೆ ಉಳಿದದ್ದೆಷ್ಟು? ದಂಡಕ್ಕೂ ಅದಕ್ಕೂ ತಾಳೆ ಇದೆಯಾ?

ಹಳೇಕಡತ:
@ಚಿಲ್ಲರೆ, ಲೆಕ್ಕದ ಅನುಕೂಲಕ್ಕೆ ಒಂದು ವ್ಯಾಗನ್‌ನಲ್ಲಿ 60,000 ಪೌಂಡ್ ಸರಕು ಅಂತ ಇಟ್ಟುಕೊಳ್ಳಿ. 18 ಸೆಂಟ್ ದರದಲ್ಲಿ 108 ಡಾಲರ್, 6 ಸೆಂಟ್ ದರದಲ್ಲಿ 36 ಡಾಲರ್. ಉಳಿತಾಯ 72 ಡಾಲರ್, ದಂಡ 20,000 ಡಾಲರ್. ತಾಳೆ ಇಲ್ಲ, ಇರಬೇಕು ಅಂತ ಕಾಯ್ದೆಯೂ ಹೇಳಿರಲಿಲ್ಲ. ಗುಟ್ಟಾಗಿ ಕಡಿಮೆ ದರ ಪಡೆದವನು ಪಕ್ಕದ ಸಣ್ಣ ವ್ಯಾಪಾರಿಯನ್ನು ಮುಳುಗಿಸುತ್ತಾನೆ. ಅವನಿಗೆ ಆದ ಲಾಭವನ್ನಷ್ಟೇ ವಾಪಸ್ ತೆಗೆದುಕೊಂಡರೆ ಬಿಸಿ ತಟ್ಟೋದಿಲ್ಲ. ಕಾಯ್ದೆ ಹುಟ್ಟಿದ್ದೇ ಆ ಕಾರಣಕ್ಕೆ.

ಮರುಪರಿಶೀಲನೆ:
ಈಗ ಎರಡನೇ ಪ್ರಶ್ನೆಗೆ ಬರ್ತೀನಿ. 1908ರ ಜುಲೈ 22ರಂದು ಏಳನೇ ಸರ್ಕಿಟ್ ಮೇಲ್ಮನವಿ ಕೋರ್ಟು ತೀರ್ಪನ್ನು ರದ್ದು ಮಾಡಿತು. ಬರೆದವರು ಜಡ್ಜ್ ಪೀಟರ್ ಗ್ರಾಸ್‌ಕಪ್. ಕೊಟ್ಟ ಕಾರಣ ಮೂರು, ಮೂರಕ್ಕೂ ಒಂದೇ ತೂಕ ಇಲ್ಲ.

ಮೊದಲನೆಯದು ಸಾಕ್ಷ್ಯ. ಪ್ರಕಟಿತ ದರ 18 ಸೆಂಟ್ ಅಂತ ನಮಗೆ ಗೊತ್ತೇ ಇರಲಿಲ್ಲ, 6 ಸೆಂಟೇ ಕಾನೂನುಬದ್ಧ ದರ ಅಂತ ನಂಬಿದ್ದೆವು ಅನ್ನೋದು ಕಂಪನಿಯ ವಾದ. ಅದಕ್ಕೆ ಸಾಕ್ಷಿ ಹೇಳಿಸಲು ಲ್ಯಾಂಡಿಸ್ ಬಿಡಲಿಲ್ಲ. ಸರಕು ಕಳಿಸುವವನಿಗೆ ಪ್ರಕಟಿತ ದರ ಗೊತ್ತಿರಲೇಬೇಕು ಅಂತ ಬಾಗಿಲು ಹಾಕಿದರು. ಕ್ರಿಮಿನಲ್ ಪ್ರಕರಣದಲ್ಲಿ ಆರೋಪಿಯ ತಿಳಿವಳಿಕೆಯ ಪ್ರಶ್ನೆಯನ್ನು ಜ್ಯೂರಿಯ ಮುಂದಿಡದೆ ಕಿತ್ತುಕೊಳ್ಳೋದು ತಪ್ಪು ಅಂತ ಮೇಲಿನ ಕೋರ್ಟು ಹೇಳಿತು.

ಎರಡನೆಯದು ಎಣಿಕೆ. ಅಪರಾಧ ಅಂದರೆ ವ್ಯಾಗನ್ ಅಲ್ಲ, ರಿಯಾಯಿತಿ ಪಡೆದ ವ್ಯವಹಾರ. ಬಾಡಿಗೆ ಲೆಕ್ಕ ಚುಕ್ತಾ ಆದಾಗ ಒಂದು ವ್ಯವಹಾರ. ಒಂದು ಚುಕ್ತಾದಲ್ಲಿ ಹತ್ತು ವ್ಯಾಗನ್ ಇರಲಿ, ನೂರಿರಲಿ, ಅಪರಾಧ ಒಂದೇ.

ಮೂರನೆಯದೇ ಲ್ಯಾಂಡಿಸ್ ಮನಸ್ಸು ತೋರಿಸೋದು. ಕಟಕಟೆಯಲ್ಲಿ ನಿಂತಿದ್ದದ್ದು ಇಂಡಿಯಾನಾದ ಸ್ಟ್ಯಾಂಡರ್ಡ್ ಆಯಿಲ್. ಅದರ ಷೇರು ಬಂಡವಾಳ 10 ಲಕ್ಷ ಡಾಲರ್. ದಂಡ ಅದರ 29 ಪಟ್ಟು! ಆದರೆ ಲ್ಯಾಂಡಿಸ್, ಅದರ ಹಿಂದಿದ್ದ ನ್ಯೂ ಜೆರ್ಸಿಯ ಮಾತೃ ಕಂಪನಿಯ ಜೇಬು ನೋಡಿ ಮೊತ್ತ ಕಟ್ಟಿದರು. ಆರೋಪ ಹೊರಿಸದ, ವಿಚಾರಣೆ ನಡೆಸದ, ಜ್ಯೂರಿ ನೋಡದ ಕಂಪನಿಗೆ ಶಿಕ್ಷೆ ಹಾಕಿದ ಹಾಗಾಯಿತು. ಇದು ವಿವೇಚನಾ ಅಧಿಕಾರದ ದುರುಪಯೋಗ ಅಂತ ಗ್ರಾಸ್‌ಕಪ್ ನೇರವಾಗಿಯೇ ಬರೆದರು.

ಬಡಗಿಮನೆ:
ಅದಕ್ಕೇ ಸ್ಟ್ಯಾಂಡರ್ಡ್ ಆಯಿಲ್ ಕಟ್ಟಿದ ರಾಕ್‌ಫೆಲ್ಲರ್‌ನನ್ನು ಕರೆಸಿದ್ದು ಅನ್ನಿ.

ಮರುಪರಿಶೀಲನೆ:
ಹೌದು. 1907ರ ಜುಲೈ 6ರಂದು ಜಾನ್ ಡಿ. ರಾಕ್‌ಫೆಲ್ಲರ್ ಬಂದು ಸಾಕ್ಷಿ ಕಟ್ಟೆ ಏರಿದರು. ಅಷ್ಟರಲ್ಲಿ ಜ್ಯೂರಿ ತೀರ್ಪು ಬಂದಾಗಿತ್ತು, ಉಳಿದಿದ್ದದ್ದು ದಂಡದ ಮೊತ್ತ ಮಾತ್ರ. ಅಂದರೆ ಆ ಹೇಳಿಕೆಯಿಂದ ಅಪರಾಧ ಸಾಬೀತಾಗಬೇಕಾಗಿರಲಿಲ್ಲ. ಒಡೆಯ ಯಾರು, ಅವನ ತಿಜೋರಿ ಎಷ್ಟು ದೊಡ್ಡದು ಅನ್ನೋದು ಲ್ಯಾಂಡಿಸ್‌ಗೆ ಬೇಕಿತ್ತು. ರಾಕ್‌ಫೆಲ್ಲರ್‌ರಿಂದ ಹೆಚ್ಚೇನೂ ಹೊರಬರಲಿಲ್ಲ, ಆದರೆ ಕೋರ್ಟ್ ಹೊರಗೆ ಜನ ಕಿಕ್ಕಿರಿದರು. ಆಗಸ್ಟ್ 3ಕ್ಕೆ ದಂಡದ ಆದೇಶ.

ಚಿಲ್ಲರೆ:
ಚುಕ್ತಾ ಪ್ರಕಾರ ಎಣಿಸಿದ್ದರೆ ಎಷ್ಟಾಗುತ್ತಿತ್ತು?

ಹಳೇಕಡತ:
ಮರುವಿಚಾರಣೆಯಲ್ಲಿ ಲೆಕ್ಕ 36ಕ್ಕೆ ಇಳಿಯಿತು. 36 × 20,000 = 7,20,000. ಗರಿಷ್ಠ ಹಾಕಿದ್ದರೂ ಅಷ್ಟೇ.

ಅದೂ ಸಿಗಲಿಲ್ಲ. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು, 1909ರ ಜನವರಿಯಲ್ಲಿ ಅವರು ಅರ್ಜಿಯನ್ನೇ ತೆಗೆದುಕೊಳ್ಳಲಿಲ್ಲ. ಮರುವಿಚಾರಣೆ ಜಡ್ಜ್ ಆಲ್ಬರ್ಟ್ ಆಂಡರ್ಸನ್ ಮುಂದೆ ನಡೆಯಿತು. 18 ಸೆಂಟ್ ದರವೇ ಈ ಸರಕಿಗೆ ಅನ್ವಯ ಅಂತ ಸರ್ಕಾರ ಸಾಬೀತು ಮಾಡಿಲ್ಲ ಅಂತ ಹೇಳಿ ಅವರು ಮಾರ್ಚ್‌ನಲ್ಲಿ ಜ್ಯೂರಿಗೆ ಖುಲಾಸೆಯ ನಿರ್ದೇಶನ ಕೊಟ್ಟರು. ಕಟ್ಟಿದ ದಂಡ ಸೊನ್ನೆ. ಬೆಟ್ಟ ಅಗೆದು ಇಲಿಯೂ ಸಿಗದ ಹಾಗೆ.

ತೈಲಧಾರೆ:
ಆದರೂ ಸ್ಟ್ಯಾಂಡರ್ಡ್ ಆಯಿಲ್ ಒಡೆದು ಹೋಯಿತಲ್ಲ, 1911ರಲ್ಲಿ. ಕೊನೆಗೆ ಲ್ಯಾಂಡಿಸ್ ಗೆದ್ದ ಹಾಗೇ ತಾನೆ?

ಮರುಪರಿಶೀಲನೆ:
@ತೈಲಧಾರೆ, ಇದು ಎಲ್ಲರೂ ಮಾಡುವ ಗೊಂದಲ. ಅದು ಬೇರೆ ಕೇಸು. 1911ರ ವಿಭಜನೆ, ಏಕಸ್ವಾಮ್ಯ ತಡೆಯುವ ಷರ್ಮನ್ ಕಾಯ್ದೆಯ ಸಿವಿಲ್ ದಾವೆ, ಮಿಸ್ಸೌರಿಯ ಫೆಡರಲ್ ಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋದದ್ದು. ಪ್ರತಿವಾದಿ ಖುದ್ದು ನ್ಯೂ ಜೆರ್ಸಿಯ ಮಾತೃ ಕಂಪನಿ. ಲ್ಯಾಂಡಿಸ್ ಕೇಸು ಎಲ್ಕಿನ್ಸ್ ಕಾಯ್ದೆಯ ಕ್ರಿಮಿನಲ್ ಪ್ರಕರಣ. ಯಾರನ್ನು ಹಿಡಿಯಬೇಕಿತ್ತೋ ಅವರನ್ನೇ ಕಕ್ಷಿ ಮಾಡಿಕೊಂಡ ದಾವೆ ನಿಂತಿತು. ಪಕ್ಕದವರನ್ನು ನಿಲ್ಲಿಸಿ ಇವರಿಗೆ ಹೊಡೆಯಲು ಹೋದದ್ದು ಬಿತ್ತು.

ಬಡಗಿಮನೆ:
ಹೆಸರಿನ ಕತೆ ಯಾರೂ ಹೇಳಲಿಲ್ಲ. ಅಪ್ಪ ಅಬ್ರಹಾಂ ಲ್ಯಾಂಡಿಸ್ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯದ ವೈದ್ಯ. 1864ರ ಜೂನ್‌ನಲ್ಲಿ ಜಾರ್ಜಿಯಾದ ಕೆನೆಸಾ ಬೆಟ್ಟದ ಕದನದಲ್ಲಿ ಕಾಲಿಗೆ ಪೆಟ್ಟಾಯಿತು. 1866ರ ನವೆಂಬರ್ 20ಕ್ಕೆ ಒಹಾಯೊದ ಮಿಲ್‌ವಿಲ್‌ನಲ್ಲಿ ಹುಟ್ಟಿದ ಮಗನಿಗೆ ಬೆಟ್ಟದ ಹೆಸರೇ ಇಟ್ಟರು. ಬೆಟ್ಟದ ಹೆಸರನ್ನು ಇಂಗ್ಲಿಷಿನಲ್ಲಿ ಬರೆವಾಗ ಎರಡು ‘ಎನ್’, ಇವರ ಹೆಸರಿಗೆ ಒಂದೇ. ಹುಡುಕುವಾಗ ಎರಡೂ ಹಾಕಿ ನೋಡಿ.

ಶೀಘ್ರಲಿಪಿ:
ಪೀಠಕ್ಕೆ ಬಂದ ದಾರಿಯನ್ನೂ ಸೇರಿಸಿ. ಹೈಸ್ಕೂಲು ಮುಗಿಸಿದವರಲ್ಲ. ಇಂಡಿಯಾನಾದಲ್ಲಿ ಶೀಘ್ರಲಿಪಿ ಕಲಿತು ಕೋರ್ಟ್ ವರದಿಗಾರರಾದರು, 1891ರಲ್ಲಿ ಷಿಕಾಗೊದ ಯೂನಿಯನ್ ಲಾ ಸ್ಕೂಲ್‌ನಲ್ಲಿ ಪದವಿ. 1893ರಲ್ಲಿ ವಾಲ್ಟರ್ ಗ್ರೆಷಮ್ ಅಮೆರಿಕದ ವಿದೇಶಾಂಗ ಮಂತ್ರಿಯಾದಾಗ ಅವರ ಆಪ್ತ ಕಾರ್ಯದರ್ಶಿ. 1895ರಲ್ಲಿ ಗ್ರೆಷಮ್ ತೀರಿಕೊಂಡ ಮೇಲೆ ಷಿಕಾಗೊಕ್ಕೆ ವಾಪಸ್ಸಾಗಿ ವಕೀಲಿಕೆ. 1904ರಲ್ಲಿ ಫ್ರಾಂಕ್ ಲೋಡನ್ ಇಲಿನಾಯ್ ಗವರ್ನರ್ ಹುದ್ದೆಗೆ ಪ್ರಯತ್ನಿಸಿದಾಗ ಪ್ರಚಾರ ನಡೆಸಿದ್ದು ಇವರೇ. ಅದು ಸೋತಿತು, ಆದರೆ ಪರಿಚಯ ಬೆಳೆಯಿತು. 1905ರ ಮಾರ್ಚ್‌ನಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ನೇಮಕ ಮಾಡಿದರು. ಕೆಳಗಿನ ಯಾವ ಕೋರ್ಟಿನಲ್ಲೂ ಜಡ್ಜ್ ಆಗಿ ಕೂತು ಬಂದ ಅನುಭವ ಇರಲಿಲ್ಲ.

ನೋಟಿಸು:
ಅದು ಆಗ ವಿಶೇಷ ಏನಲ್ಲ. ಫೆಡರಲ್ ನೇಮಕಕ್ಕೆ ಬೇಕಿದ್ದದ್ದು ಅಧ್ಯಕ್ಷರ ಆಯ್ಕೆ ಮತ್ತು ಸೆನೆಟ್ ಒಪ್ಪಿಗೆ, ಅಷ್ಟೇ. ಪರೀಕ್ಷೆ ಇಲ್ಲ, ಬಡ್ತಿಯ ಏಣಿ ಇಲ್ಲ. ಒಮ್ಮೆ ಕೂತರೆ ಆಜೀವ. ಕಾಂಗ್ರೆಸ್ (ಅಮೆರಿಕದ ಸಂಸತ್ತು) ವಾಗ್ದಂಡನೆ ಮಾಡಿ ಇಳಿಸಬೇಕು, ಇಲ್ಲ ತಾವೇ ಇಳಿಯಬೇಕು. ಮೂರನೇ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ: ಮೇಲಿನ ಕೋರ್ಟಿನಲ್ಲಿ ತೀರ್ಪು ಬಿದ್ದರೆ ಜಡ್ಜ್ ಕುರ್ಚಿಗೆ ಏನೂ ಆಗೋದಿಲ್ಲ. ಆದೇಶ ಮುಖಪುಟದಲ್ಲಿ ಬರುತ್ತೆ, ರದ್ದಾದದ್ದು ವರ್ಷದ ನಂತರ ಒಳಪುಟದಲ್ಲಿ.

ಕಟಕಟೆ:
@ನೋಟಿಸು, ಈ ಕೇಸಿಗೆ ಅದು ಪೂರ್ತಿ ಹೊಂದೋದಿಲ್ಲ ಅನಿಸುತ್ತೆ. 1908ರ ರದ್ದತಿಯೂ ದೊಡ್ಡ ಸುದ್ದಿಯೇ ಆಗಿತ್ತು. ರೂಸ್‌ವೆಲ್ಟ್ ಸ್ವತಃ ಸಿಟ್ಟಾಗಿ, ಮೊಕದ್ದಮೆ ಮುಂದುವರಿಸ್ತೀವಿ ಅಂತ ಹೇಳಿಕೆ ಕೊಟ್ಟರು. ಜನ ಬೈದದ್ದು ಗ್ರಾಸ್‌ಕಪ್‌ಗೆ, ಲ್ಯಾಂಡಿಸ್‌ಗೆ ಅಲ್ಲ.

ನೋಟಿಸು:
ಒಪ್ಪಿದೆ. ನನ್ನ ಮಾತು ಸ್ವಲ್ಪ ಉದ್ದ ಹೋಯಿತು.

ಮೂರನೇಬೇಸ್:
ಬೇಸ್‌ಬಾಲ್ ಕಡೆ ಬರೋಣ. ಆಟಗಾರರ ವಿಚಾರಣೆ ನಡೆಸಿ ಜ್ಯೂರಿ ಬಿಟ್ಟರೂ ಇವರು ಶಿಕ್ಷೆ ಕೊಟ್ಟರಲ್ಲ, ಅದು ಯಾವ ನ್ಯಾಯ?

ಶೀಘ್ರಲಿಪಿ:
@ಮೂರನೇಬೇಸ್, ಆ ವಿಚಾರಣೆ ಲ್ಯಾಂಡಿಸ್ ನಡೆಸಲಿಲ್ಲ. ಹಣಕ್ಕಾಗಿ 1919ರ ವರ್ಲ್ಡ್ ಸೀರೀಸ್ ಅನ್ನು ಬೇಕಂತಲೇ ಸೋತರು ಅನ್ನೋ ಮೊಕದ್ದಮೆ ನಡೆದದ್ದು ಕುಕ್ ಕೌಂಟಿಯ ರಾಜ್ಯ ಕೋರ್ಟಿನಲ್ಲಿ, ಜಡ್ಜ್ ಹ್ಯೂಗೊ ಫ್ರೆಂಡ್ ಮುಂದೆ. 1921ರ ಆಗಸ್ಟ್ 2ರಂದು ಜ್ಯೂರಿ ಬಿಟ್ಟಿತು. ಮಾರನೇ ದಿನ ಲ್ಯಾಂಡಿಸ್ ನಿಷೇಧದ ಆದೇಶ ಹೊರಡಿಸಿದ್ದು ಕ್ಲಬ್ ಒಡೆಯರು ನೇಮಿಸಿದ್ದ ಬೇಸ್‌ಬಾಲ್ ಕಮಿಷನರ್ ಆಗಿ, ಜಡ್ಜ್ ಆಗಿ ಅಲ್ಲ.

ಸಾಬೀತಿನ ಅಳತೆಯೂ ಬೇರೆ. ಕೋರ್ಟಿನಲ್ಲಿ ಆರೋಪ ವಂಚನೆಯ ಒಳಸಂಚು. ಆಟ ಸೋಲೋದೇ ಆಗ ಇಲಿನಾಯ್‌ನಲ್ಲಿ ಅಪರಾಧವಾಗಿರಲಿಲ್ಲ, ಹಾಗಾಗಿ ಯಾರನ್ನೋ ವಂಚಿಸುವ ಉದ್ದೇಶ ಇತ್ತು ಅಂತ ತೋರಿಸಬೇಕಿತ್ತು. ಲ್ಯಾಂಡಿಸ್ ಕೇಳಿದ್ದು ಇಷ್ಟೇ: ಆಟ ಸೋಲ್ತೀನಿ ಅಂತ ಮಾತು ಕೊಟ್ಟೆಯಾ? ಅಂಥವರ ಜೊತೆ ಕೂತು ಕೇಳಿಯೂ ಕ್ಲಬ್ಬಿಗೆ ಹೇಳದೆ ಇದ್ದೆಯಾ?

ಮೂರನೇಬೇಸ್:
ಎರಡನೇ ಪ್ರಶ್ನೆಯಲ್ಲಿ ಸಿಕ್ಕಿಬಿದ್ದವನು ಬಕ್ ವೀವರ್. ಹಣ ಮುಟ್ಟಿದ ಪುರಾವೆ ಇಲ್ಲ, ಆ ಸರಣಿಯಲ್ಲಿ ಚೆನ್ನಾಗಿಯೇ ಆಡಿದ. ಗೊತ್ತಿದ್ದೂ ಸುಮ್ಮನಿದ್ದ ಅನ್ನೋದಷ್ಟೇ ತಪ್ಪು. ಸಂಚು ಕಟ್ಟಿದ ಚಿಕ್ ಗ್ಯಾಂಡಿಲ್‌ಗೂ ಇವನಿಗೂ ಒಂದೇ ಶಿಕ್ಷೆ. ಮತ್ತೆ ಮತ್ತೆ ಮನವಿ ಕೊಟ್ಟರೂ ಲ್ಯಾಂಡಿಸ್ ಜಗ್ಗಲಿಲ್ಲ. ಇಲ್ಲೂ ಅದೇ ರೋಗ ನೋಡಿ, ಎಲ್ಲ ವ್ಯಾಗನ್‌ಗೂ 20,000!

ಹಳೇಕಡತ:
ಆ ಹೋಲಿಕೆ ಸರಿಯಾಗಿದೆ. ಕನಿಷ್ಠಕ್ಕೂ ಗರಿಷ್ಠಕ್ಕೂ ನಡುವೆ ಜಾಗ ಇದ್ದರೂ ಅವರು ಬಳಸುತ್ತಿರಲಿಲ್ಲ.

ಬಡಗಿಮನೆ:
2025ರ ಮೇ 13ರಂದು ಈಗಿನ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್, ತೀರಿಕೊಂಡವರ ಮೇಲಿನ ನಿಷೇಧ ಅವರ ಸಾವಿನೊಂದಿಗೇ ಮುಗಿಯುತ್ತೆ ಅಂದರು. ಆ ಎಂಟು ಜನರ ಹೆಸರೂ ಪಟ್ಟಿಯಿಂದ ಹೋಯಿತು. ನೂರಾ ನಾಲ್ಕು ವರ್ಷ ಆಗಿತ್ತು.

ಮರುಪರಿಶೀಲನೆ:
ಬೇಸ್‌ಬಾಲ್ ಒಡೆಯರು ಇವರನ್ನೇ ಯಾಕೆ ಆರಿಸಿದರು ಅನ್ನೋದಕ್ಕೆ 1915ಕ್ಕೆ ಹೋಗಬೇಕು. ಆ ಜನವರಿಯಲ್ಲಿ ಫೆಡರಲ್ ಲೀಗ್ ಅನ್ನೋ ಹೊಸ ಲೀಗ್, ಹಳೆಯ ಎರಡು ಲೀಗ್‌ಗಳು ಏಕಸ್ವಾಮ್ಯ ನಡೆಸ್ತಿವೆ ಅಂತ ಷಿಕಾಗೊದಲ್ಲಿ ದಾವೆ ಹಾಕಿತು. ರಾಕ್‌ಫೆಲ್ಲರ್‌ಗೇ ದಂಡ ಹಾಕಿದ ಜಡ್ಜ್ ಇದ್ದಾರೆ, ನಮಗೆ ಗೆಲುವು ಖಚಿತ ಅನ್ನೋದು ಅವರ ಲೆಕ್ಕ. ಅದೇ ತಿಂಗಳು ವಾದ ಮುಗಿಯಿತು. ಫೆಬ್ರವರಿ, ಮಾರ್ಚ್ ಕಳೆಯಿತು, ಇಡೀ ಸೀಸನ್ ಆಡಿ ಮುಗಿಯಿತು. ಆದೇಶ ಬರಲೇ ಇಲ್ಲ. ಹೊಸ ಲೀಗ್‌ನ ಹಣ ಕರಗಿತು, ಡಿಸೆಂಬರ್‌ನಲ್ಲಿ ರಾಜಿ, 1916ರ ಆರಂಭದಲ್ಲಿ ದಾವೆ ವಜಾ.

ತಡೆಯಾಜ್ಞೆ ಕೇಳಿ ಬಂದವನಿಗೆ ವರ್ಷ ಪೂರ್ತಿ ಉತ್ತರ ಕೊಡದಿದ್ದರೆ ಅದೇ ಉತ್ತರ. ಮೇಲ್ಮನವಿ ಹಾಕಲೂ ಆಗೋದಿಲ್ಲ, ಯಾಕಂದರೆ ಆದೇಶವೇ ಇಲ್ಲ. ದಂಡದ ತೀರ್ಪಿಗಿಂತ ಇದು ನನಗೆ ಹೆಚ್ಚು ಗಂಭೀರ ಅನಿಸುತ್ತೆ. ದಂಡವನ್ನು ತಿದ್ದಲು ಮೇಲೆ ಒಂದು ಕೋರ್ಟು ಇತ್ತು, ಮೌನವನ್ನು ತಿದ್ದಲು ಯಾರೂ ಇರಲಿಲ್ಲ.

ನೋಟಿಸು:
ಇದಕ್ಕೆ ನನ್ನ ತಕರಾರು ಇದೆ. ಕಕ್ಷಿಗಳು ರಾಜಿಗೆ ಬರಲಿ ಅಂತ ಕಾಯೋದು ಕೆಟ್ಟ ಕೆಲಸ ಅಲ್ಲ. ಆದೇಶ ಕೊಟ್ಟಿದ್ದರೆ ಆಟಗಾರರ ಒಪ್ಪಂದ ವ್ಯವಸ್ಥೆಯೇ ಒಡೆಯುತ್ತಿತ್ತು.

ಮರುಪರಿಶೀಲನೆ:
ಒಡೆಯಬೇಕಾಗಿದ್ದರೆ ಒಡೆಯಬೇಕಿತ್ತು. ಒಮ್ಮೆ ಸಹಿ ಹಾಕಿದ ಆಟಗಾರ ಕ್ಲಬ್ ಬಿಟ್ಟುಕೊಡುವ ತನಕ ಬೇರೆಲ್ಲೂ ಆಡುವಂತಿರಲಿಲ್ಲ. ಅದು ಕಾನೂನುಬದ್ಧವೋ ಅಲ್ಲವೋ ಅನ್ನೋದೇ ಕೋರ್ಟಿನ ಮುಂದಿದ್ದ ಪ್ರಶ್ನೆ. ರಾಜಿಗೆ ಒಪ್ಪದ ಬಾಲ್ಟಿಮೋರ್ ಕ್ಲಬ್ ಬೇರೆ ದಾವೆ ಹಾಕಿತು. ಜ್ಯೂರಿ 80,000 ಡಾಲರ್ ಕೊಟ್ಟಿತು, ಕಾಯ್ದೆ ಪ್ರಕಾರ ಮೂರು ಪಟ್ಟಾಗಿ 2,40,000. ಮೇಲ್ಮನವಿಯಲ್ಲಿ ಅದು ಬಿತ್ತು. 1922ರ ಮೇ 29ರಂದು ಸುಪ್ರೀಂ ಕೋರ್ಟಿನಲ್ಲಿ ಜಡ್ಜ್ ಹೋಮ್ಸ್ ಬರೆದ ತೀರ್ಪು, ಬೇಸ್‌ಬಾಲ್ ಪ್ರದರ್ಶನ ಅಂತರರಾಜ್ಯ ವಾಣಿಜ್ಯ ಅಲ್ಲ ಅಂದಿತು. ಏಳು ವರ್ಷ ಅಲೆದರೂ ಅವರಿಗೆ ಉತ್ತರವಾದರೂ ಸಿಕ್ಕಿತು. ಲ್ಯಾಂಡಿಸ್ ಅದನ್ನೂ ಕೊಡಲಿಲ್ಲ.

ಶೀಘ್ರಲಿಪಿ:
ಎಲ್ಲರೂ ಹಣದ ಕೇಸುಗಳಲ್ಲೇ ಇದ್ದೀರಿ. ಮನುಷ್ಯರ ವರ್ಷಗಳು ಹೋದದ್ದು 1918ರಲ್ಲಿ. ಐ.ಡಬ್ಲ್ಯೂ.ಡಬ್ಲ್ಯೂ. ಕಾರ್ಮಿಕ ಸಂಘದ ನೂರರಷ್ಟು ಜನರನ್ನು, ಯುದ್ಧಕ್ಕೆ ಅಡ್ಡಿಪಡಿಸುವ ಸಂಚಿನ ಆರೋಪದ ಮೇಲೆ, ಒಟ್ಟಿಗೇ ಒಂದೇ ವಿಚಾರಣೆಯಲ್ಲಿ ಕೂರಿಸಿದರು. ಏಪ್ರಿಲ್ 1ಕ್ಕೆ ಶುರುವಾಗಿ ಆಗಸ್ಟ್ 17ರ ತನಕ ನಡೆಯಿತು. ವಿಚಾರಣೆ ನಡೆಸಿದ ರೀತಿಗೆ ಆರೋಪಿಗಳ ಕಡೆಯವರೂ ತಪ್ಪು ಹುಡುಕಲಿಲ್ಲ: ಲ್ಯಾಂಡಿಸ್ ನಿಲುವಂಗಿ ಹಾಕುತ್ತಿರಲಿಲ್ಲ, ಪೀಠದಿಂದ ಇಳಿದು ಜ್ಯೂರಿ ಕಟ್ಟೆಯ ಮೆಟ್ಟಿಲ ಮೇಲೆ ಕೂತು ಸಾಕ್ಷಿ ಕೇಳುತ್ತಿದ್ದರು. ಸೆಕೆಗೆ ಕೋಟು ಬಿಚ್ಚಿ ಕೂರಲು ಆರೋಪಿಗಳನ್ನೂ ಬಿಟ್ಟರು.

ಆಮೇಲೆ ನೋಡಿ. ನಾಲ್ಕೂವರೆ ತಿಂಗಳ ಸಾಕ್ಷ್ಯಕ್ಕೆ ಜ್ಯೂರಿ ತೆಗೆದುಕೊಂಡದ್ದು ಒಂದು ಗಂಟೆಗಿಂತ ಕಡಿಮೆ. ಒಬ್ಬೊಬ್ಬರ ಮೇಲಿನ ಪುರಾವೆ ಬೇರೆ ಬೇರೆ ತೂಗಿದ್ದರೆ ಅಷ್ಟು ಹೊತ್ತಿನಲ್ಲಿ ಹೆಸರು ಓದಿ ಮುಗಿಸೋದೇ ಕಷ್ಟ. ಸಂಘದ ನಾಯಕ ಬಿಲ್ ಹೇವುಡ್ ಸೇರಿ 15 ಜನರಿಗೆ 20 ವರ್ಷ. ಸಂಘದ ಕಾಗದಪತ್ರ, ಭಾಷಣ, ಯುದ್ಧವಿರೋಧಿ ಬರಹ, ಇವೇ ಪುರಾವೆಯ ರಾಶಿ. ಜೈಲಿನಲ್ಲಿ ಉಳಿದಿದ್ದವರನ್ನು ಅಧ್ಯಕ್ಷ ಕೂಲಿಜ್ ಬಿಟ್ಟದ್ದು 1923ರ ಡಿಸೆಂಬರ್‌ನಲ್ಲಿ. ಹೇವುಡ್ ಜಾಮೀನು ಮುರಿದು 1921ರಲ್ಲೇ ರಷ್ಯಾಕ್ಕೆ ಹೋಗಿದ್ದ.

ತೈಲಧಾರೆ:
ಮೇಲಿನ ಕೋರ್ಟು ಇದನ್ನೂ ಕಿತ್ತುಹಾಕಿತಾ?

ಶೀಘ್ರಲಿಪಿ:
ಇಲ್ಲ. 1920ರಲ್ಲಿ ಅದೇ ಏಳನೇ ಸರ್ಕಿಟ್ ಕೆಲವು ಆರೋಪ ತೆಗೆದರೂ ಜೈಲು ಶಿಕ್ಷೆ ಉಳಿಸಿತು. ಎಣ್ಣೆ ಕಂಪನಿಯ ಎಣಿಕೆಯಲ್ಲಿ ತೋರಿಸಿದ ಸೂಕ್ಷ್ಮ ಇಲ್ಲಿ ಕಾಣಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಅಫಿಡವಿಟ್:
ಬಿದ್ದದ್ದು ಬರ್ಗರ್ ಕೇಸು. ಇಂದಿಗೂ ವಕೀಲರಿಗೆ ಉಪಯೋಗಕ್ಕೆ ಬರೋದು ಇದೇ.

ವಿಕ್ಟರ್ ಬರ್ಗರ್ ಮಿಲ್ವಾಕಿಯ ಸಮಾಜವಾದಿ. ಅವರ ಜೊತೆ ಇನ್ನೂ ನಾಲ್ವರು, ಎಲ್ಲರ ಮೇಲೂ ಯುದ್ಧವಿರೋಧಿ ಮಾತು, ಬರಹಕ್ಕಾಗಿ 1917ರ ಬೇಹುಗಾರಿಕೆ ಕಾಯ್ದೆಯ ಆರೋಪ. ಜರ್ಮನ್ ಮೂಲದವರ ಬಗ್ಗೆ ಲ್ಯಾಂಡಿಸ್ ಆಡಿದ ಕಟು ಮಾತುಗಳನ್ನು ಉಲ್ಲೇಖಿಸಿ, ಬೇರೆ ಜಡ್ಜ್ ಬೇಕು ಅಂತ ಅಫಿಡವಿಟ್ ಹಾಕಿದರು. ಲ್ಯಾಂಡಿಸ್ ಅದನ್ನು ತಾವೇ ತಳ್ಳಿಹಾಕಿ, ತಾವೇ ವಿಚಾರಣೆ ನಡೆಸಿ, 1919ರ ಫೆಬ್ರವರಿಯಲ್ಲಿ ಐವರಿಗೂ 20 ವರ್ಷ ಹಾಕಿದರು.

ಕಾನೂನು ಏನಿತ್ತು ಅಂದರೆ, 1911ರ ಜುಡಿಷಿಯಲ್ ಕೋಡ್‌ನ 21ನೇ ಸೆಕ್ಷನ್. ಕಕ್ಷಿ ಪ್ರಮಾಣಪೂರ್ವಕ ಅಫಿಡವಿಟ್ ಕೊಡಬೇಕು. ಜಡ್ಜ್‌ಗೆ ತನ್ನ ಮೇಲೆ ವೈಯಕ್ತಿಕ ಪೂರ್ವಗ್ರಹ ಇದೆ ಅಂತ ಬರೀ ಹೇಳಿದರೆ ಸಾಲದು, ಹಾಗೆ ನಂಬಲು ಕಾರಣವಾದ ಸಂಗತಿಗಳನ್ನು ಬರೆಯಬೇಕು. ಕೋರ್ಟಿನ ಅವಧಿ ಶುರುವಾಗುವ 10 ದಿನ ಮೊದಲು ಸಲ್ಲಿಸಬೇಕು, ತಡವಾದರೆ ಕಾರಣ ತೋರಿಸಬೇಕು. ಸದುದ್ದೇಶದ್ದು ಅಂತ ವಕೀಲರ ಪ್ರಮಾಣಪತ್ರ ಬೇಕು. ಒಂದು ಕೇಸಿಗೆ ಒಂದೇ ಅವಕಾಶ.

1921ರ ಜನವರಿ 31ರಂದು ಸುಪ್ರೀಂ ಕೋರ್ಟು 6–3ರಲ್ಲಿ ಹೇಳಿದ್ದು: ಈ ಅಂಶಗಳು ಇವೆಯೇ, ಬರೆದ ಸಂಗತಿ ಪೂರ್ವಗ್ರಹ ತೋರಿಸುವಷ್ಟು ಇದೆಯೇ ಅನ್ನೋದನ್ನು ಮಾತ್ರ ಜಡ್ಜ್ ನೋಡಬಹುದು. ಅದು ನಿಜವೋ ಸುಳ್ಳೋ ಅಂತ ತೀರ್ಮಾನಿಸುವ ಹಾಗಿಲ್ಲ, ಅಲ್ಲಿಗೆ ಕೈಬಿಟ್ಟು ಏಳಬೇಕು. ಐವರ ಶಿಕ್ಷೆಯೂ ರದ್ದಾಯಿತು. ಬರ್ಗರ್ 1922ರಲ್ಲಿ ಮತ್ತೆ ಗೆದ್ದು ಕಾಂಗ್ರೆಸ್‌ಗೆ ಹೋದರು.

ನೋಟಿಸು:
ಸುಳ್ಳು ಅಫಿಡವಿಟ್ ಹಾಕಿದರೂ ಜಡ್ಜ್ ಏಳಬೇಕಾ? ಆಗ ಯಾರು ಬೇಕಾದರೂ ಜಡ್ಜ್ ಬದಲಿಸಿಕೊಳ್ಳಬಹುದಲ್ಲ.

ಅಫಿಡವಿಟ್:
ಭಿನ್ನಮತದವರು ಕೇಳಿದ್ದೂ ಅದನ್ನೇ. ಲ್ಯಾಂಡಿಸ್ ನಿಜವಾಗಿ ಆಡಿದ ಮಾತಿನ ಶೀಘ್ರಲಿಪಿ ದಾಖಲೆ ಇತ್ತು, ಅಫಿಡವಿಟ್‌ನಲ್ಲಿ ಬರೆದದ್ದಕ್ಕೂ ಅದಕ್ಕೂ ವ್ಯತ್ಯಾಸ ಇದೆ ಅಂತ ಅವರಲ್ಲೊಬ್ಬರಾದ ಜಡ್ಜ್ ಮ್ಯಾಕ್‌ರೆನಾಲ್ಡ್ಸ್ ತೋರಿಸಿದರು. ಬಹುಮತದ ಉತ್ತರ: ಸುಳ್ಳು ಪ್ರಮಾಣಕ್ಕೆ ಬೇರೆ ಶಿಕ್ಷೆ ಇದೆ, ತನ್ನ ಮೇಲಿನ ದೂರಿಗೆ ತಾನೇ ಜಡ್ಜ್ ಆಗಬಾರದು. ದುರುಪಯೋಗಕ್ಕೆ ಬೇಲಿ ಅಂದರೆ ವಕೀಲರ ಪ್ರಮಾಣಪತ್ರ ಮತ್ತು ಒಂದೇ ಸಲದ ಮಿತಿ. ಆ ಸೆಕ್ಷನ್ ಈಗ ಫೆಡರಲ್ ಸಂಹಿತೆಯ 28ನೇ ಭಾಗದ 144ನೇ ಸೆಕ್ಷನ್.

ಚಿಲ್ಲರೆ:
ಸಂಬಳದ ಗಲಾಟೆ ಏನದು? ಎರಡು ಕೆಲಸ ಒಟ್ಟಿಗೆ ಮಾಡುತ್ತಿದ್ದರಂತಲ್ಲ.

ಹಳೇಕಡತ:
1920ರ ನವೆಂಬರ್ 12ರಂದು ಕ್ಲಬ್ ಒಡೆಯರು ಕೋರ್ಟಿಗೇ ಬಂದು ಕಮಿಷನರ್ ಹುದ್ದೆ ಕೊಟ್ಟರು. ವರ್ಷಕ್ಕೆ 50,000 ಡಾಲರ್. ಜಡ್ಜ್ ಸಂಬಳ 7,500 ಬರುತ್ತೆ, ಅದನ್ನು ಕಳೆದು 42,500 ಕೊಡಿ ಅಂದರು ಲ್ಯಾಂಡಿಸ್. ಪೀಠ ಬಿಡಲಿಲ್ಲ. 1921ರ ಫೆಬ್ರವರಿಯಲ್ಲಿ ಒಹಾಯೊದ ಕಾಂಗ್ರೆಸ್ ಸದಸ್ಯ ಬೆಂಜಮಿನ್ ವೆಲ್ಟಿ ವಾಗ್ದಂಡನೆ ನಿರ್ಣಯ ತಂದರು, ಅದು ಮುಂದೆ ಹೋಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಅಮೆರಿಕನ್ ಬಾರ್ ಅಸೋಸಿಯೇಷನ್ ಖಂಡನಾ ನಿರ್ಣಯ ಪಾಸು ಮಾಡಿತು. ಕೊನೆಗೆ 1922ರ ಮಾರ್ಚ್ 1ಕ್ಕೆ ಅನ್ವಯವಾಗುವಂತೆ ರಾಜೀನಾಮೆ.

ಮೂರನೇಬೇಸ್:
ಕಮಿಷನರ್ ಆಗಿ 1944ರ ನವೆಂಬರ್ 25ರಂದು ಸಾಯುವ ತನಕ ಕೂತರು. ಆ 24 ವರ್ಷದಲ್ಲಿ ಮೇಜರ್ ಲೀಗ್‌ನಲ್ಲಿ ಒಬ್ಬ ಕಪ್ಪು ಆಟಗಾರನೂ ಆಡಲಿಲ್ಲ. ಬರೆದ ನಿಯಮ ಇಲ್ಲ ಅಂತ ಹೇಳುತ್ತಲೇ ಇದ್ದರು, ಬಾಗಿಲು ತೆರೆಸಲು ಕೈ ಎತ್ತಲಿಲ್ಲ. ಮುಂದೆ ಆ ಬಾಗಿಲು ದಾಟಿದ ಕಪ್ಪು ಆಟಗಾರ ಜಾಕಿ ರಾಬಿನ್‌ಸನ್ ಒಪ್ಪಂದ ಆದದ್ದು 1945ರಲ್ಲಿ. 2020ರಲ್ಲಿ ಅತ್ಯುತ್ತಮ ಆಟಗಾರ ಪ್ರಶಸ್ತಿ ಫಲಕದಿಂದ ಲ್ಯಾಂಡಿಸ್ ಹೆಸರು ತೆಗೆದರು, ಸರಿಯಾಗಿಯೇ ಮಾಡಿದರು.

ಮರುಪರಿಶೀಲನೆ:
ಮತ್ತೆ ಫೆಡರಲ್ ಲೀಗ್ ಕೇಸಿನದೇ ದಾರಿ. ಆದೇಶ ಕೊಡದೆ ಇರೋದು.

ಕಟಕಟೆ:
ಎಲ್ಲರಿಗೂ ಧನ್ಯವಾದ. ಚುಕ್ತಾ–ವ್ಯಾಗನ್ ವ್ಯತ್ಯಾಸ, ಬರ್ಗರ್ ಕೇಸಿನ ವಿಧಿವಿಧಾನ, ಎರಡೂ ಈಗ ಸ್ಪಷ್ಟ. ಕೊನೇ ಪ್ರಶ್ನೆ: 1922ರಲ್ಲಿ ಖಾಲಿಯಾದ ಆ ಕುರ್ಚಿಗೆ ಬಂದವರು ಯಾರು?

ಶೀಘ್ರಲಿಪಿ:
ಜೇಮ್ಸ್ ವಿಲ್ಕರ್ಸನ್. 1931ರಲ್ಲಿ ಷಿಕಾಗೊದ ಗ್ಯಾಂಗ್ ನಾಯಕ ಅಲ್ ಕಪೋನ್‌ಗೆ ತೆರಿಗೆ ಕೇಸಿನಲ್ಲಿ 11 ವರ್ಷ, 50,000 ಡಾಲರ್ ದಂಡ ಹಾಕಿದವರು. ಜ್ಯೂರಿಗೆ ಲಂಚದ ಸುಳಿವು ಸಿಕ್ಕಿದಾಗ ಇಡೀ ಪಟ್ಟಿಯನ್ನೇ ಪಕ್ಕದ ಕೋರ್ಟಿನ ಪಟ್ಟಿಯ ಜೊತೆ ಅದಲು ಬದಲು ಮಾಡಿದರು. ಅದಕ್ಕೆ ಬೇರೆ ಎಳೆ ಶುರು ಮಾಡಿ, ಬರೀತೀನಿ.